ಹನ್ನೆರಡು ಮಿಲಿಮೀಟರ್

ಸೆಪ್ಟೆಂಬರ್ ಬಂತೆಂದರೆ ನನ್ನ ಗಲ್ಲಾದ ಮುಂದೆ
ಗಂಡಸರಿಗೆಲ್ಲ ಗಣಿತ ಬರುತ್ತದೆ.
ತ್ರೀ-ನಾಟ್-ಎಯ್ಟೋ, ತರ್ಟಿ-ನಾಟ್-ಸಿಕ್ಸೋ?
ಎರಡು ಡಬ್ಬಿ ಎರಡು ಅಂಗೈಯಲ್ಲಿಟ್ಟು ತೂಗುತ್ತಾರೆ,
ಅಕ್ಕಸಾಲಿ ಗುಲಗಂಜಿ ತೂಗಿದ ಹಾಗೆ.

ಅಕ್ಕತಂಗಿಯರು ಇವು.
ಮೂತಿ ಒಂದೇ, ಸುತ್ತಳತೆ ಒಂದೇ,
ಕಚ್ಚಿಕೊಂಡ ಗುಂಡೂ ಒಂದೇ, ನೂರಾ ಎಂಬತ್ತು ಗ್ರೇನು.
ಅಕ್ಕನ ಹಿತ್ತಾಳೆ ಲಂಗ ಮಾತ್ರ
ಹನ್ನೆರಡು ಮಿಲಿಮೀಟರ್ ಉದ್ದ,
ಒಳಗೆ ಚಿಟಿಕೆ ಹೆಚ್ಚು ಮದ್ದು.
ಆ ಚಿಟಿಕೆಯ ಜಗಳ ಇಪ್ಪತ್ತೆರಡು ವರ್ಷ ಕೇಳಿದ್ದೇನೆ;
ಹಿತ್ತಾಳೆ ಕಿವಿ ಅಂದರೆ ಇದೇ ಇರಬೇಕು.

ಸೆಲ್ಬಿ ಆರುನೂರು ಗಜದ ಮಾತಾಡುತ್ತಾನೆ.
ನ್ಯೂಫೌಂಡ್‌ಲೆಂಡಿನ ಈ ಬಡಗಣ ಮೂಲೆಯಲ್ಲಿ
ಜವುಗು ದಾಟಿ, ಗಾಳಿಗೆ ಬಗ್ಗಿದ ಕುಳ್ಳ ಸ್ಪ್ರೂಸ್ ದಾಟಿ
ನೂರು ಗಜದಾಚೆ ಕಾಣುವುದು ಮಂಜು.
ಮೂಸ್ ಕುದುರೆಗಿಂತ ಎತ್ತರ, ಹಲಗೆಯಂಥ ಕೊಂಬು.
ಹನ್ನೆರಡು ಮಿಲಿಮೀಟರನ್ನು ಅಳೆದು ನೋಡಿ
ಸಾಯಲೋ ಬೇಡವೋ ಎಂದು ಯೋಚಿಸಿದ ಮೂಸನ್ನು
ನಾನಂತೂ ಕಂಡಿಲ್ಲ.

ಇವತ್ತು ಗಾರ್ಲೆಂಡ್ ಪೈಕ್ ಬಂದ.
ಮೂರು ವರ್ಷ ಚೀಟಿಯಲ್ಲಿ ಏಳದ ಪರವಾನಗಿ
ಈ ಸಲ ಎದ್ದಿದೆ, ಗಂಡಹೆಂಡಿರ ಜಂಟಿ ಹೆಸರಿಗೆ.
ಹೊರಗೆ ಪಿಕಪ್ಪಿನಲ್ಲಿ ಎಫಿ.
ನೋಟದ ನಟ್ಟನಡುವೆ ಮಸುಕು ಕೂತಿದೆ ಅವಳಿಗೆ,
ಅಂಚಿನಲ್ಲಿ ಮಾತ್ರ ಲೋಕ.
ಎರಡು ಬಂದೂಕಿಗೆ ಇನ್ನು ಒಂದೇ ಜೊತೆ ಕಣ್ಣು.
ಒಂದನ್ನು ಮಾರಬೇಕು.

ಅವನದು ಅಕ್ಕ, ಅವಳದು ತಂಗಿ.
ಅಕ್ಕನ ಕೋಣೆಗೆ ತಂಗಿ ಹೊಕ್ಕರೆ
ಸಡಿಲ ಕೂತು, ಹಿತ್ತಾಳೆ ಹರಿದು, ಮುಖಕ್ಕೇ ಸಿಡಿದೀತು.
ಅದಕ್ಕೇ ನಲವತ್ತು ಬೇಟೆಗಾಲ
ಒಂದೇ ಹಾಸಿಗೆ, ಒಂದೇ ಫ್ಲಾಸ್ಕು,
ಕಾಡತೂಸಿನ ಜೇಬು ಮಾತ್ರ ಬೇರೆ ಬೇರೆ.

"ನಿಜ ಹೇಳು, ವ್ಯತ್ಯಾಸ ಇದೆಯಾ?"
ನಾನು ವೇಗ ಹೇಳಿದೆ, ಭುಜಕ್ಕೆ ಬೀಳುವ ಒದೆತ ಹೇಳಿದೆ,
ಗುಂಡು ಎಲ್ಲಿ ಎಷ್ಟು ಇಳಿಯುತ್ತದೆಂಬ ಪಟ್ಟಿ ತೋರಿಸಿದೆ.
"ಅದಲ್ಲ," ಅಂದ.
"ಎಂಬತ್ತೊಂಬತ್ತರಲ್ಲಿ ಕೊಳದಾಚೆಯ ಗಂಡು ಮೂಸಿಗೆ ಹೊಡೆದೆ.
ಬಹಳ ದೂರ. ದೊಡ್ಡದಿದೆಯಲ್ಲ ಕೈಯಲ್ಲಿ ಅನ್ನೋ ಧೈರ್ಯ.
ಎರಡು ದಿನ ಹುಡುಕಿದೆವು.
ಕೊನೆಗೆ ಕಾಗೆಗಳು ತೋರಿಸಿದವು.
ಎಫಿ ಒಂದು ಮಾತೂ ಆಡಲಿಲ್ಲ.
ಅವಳು ಹಾರಿಸಿದ್ದಕ್ಕಿಂತ
ಹಾರಿಸದೆ ಮನೆಗೆ ತಂದ ಕಾಡತೂಸೇ ಹೆಚ್ಚು.
ನನ್ನದು ಚಿಕ್ಕದು, ಹತ್ತಿರ ಹೋಗಬೇಕು, ಅನ್ನೋಳು."

"ತಪ್ಪು ಲೆಕ್ಕ ಅದು," ನಾನೆಂದೆ,
"ಚಿಕ್ಕದೂ ಹೆಚ್ಚುಕಡಿಮೆ ಅಷ್ಟೇ ದೂರ ಹೋಗುತ್ತೆ."
"ಗೊತ್ತು.
ಅವಳಿಗೂ ಗೊತ್ತಿತ್ತು."

ಹೊರಗೆ ಹಾರ್ನು. ಗಾಜು ಇಳಿದ ಸದ್ದು.
"ಗ್ಯಾರ್! ಅಲ್ಲೇನು ಹೆಣ್ಣು ನೋಡೋಕೆ ಹೋಗಿದ್ದೀಯಾ?
ಯಾವುದೋ ಒಂದು ತಗೋ. ಸಕ್ಕರೆ ಮರೀಬೇಡ!"

ತಂಗಿಯ ಡಬ್ಬಿ ಎತ್ತಿಕೊಂಡ. ಇಪ್ಪತ್ತಿದ್ದವು.
"ನನ್ನ ಆಯಸ್ಸಿಗೆ ಇದು ಧಾರಾಳ."
ಬಾಗಿಲ ತನಕ ಹೋದ,
ಸಕ್ಕರೆಗಾಗಿ ಮತ್ತೆ ಬಂದ.

ರಾತ್ರಿ ಗಾಳಿಗೆ ಕರೆಂಟು ಹೋಯಿತು.
ಗಲ್ಲಾದಲ್ಲಿ ಚಿಲ್ಲರೆ ತಡಕಿದರೆ
ಅವನು ಮರೆತ ಒಂಟಿ ಕಾಡತೂಸು, ತಣ್ಣಗೆ.
ಅಕ್ಕನೋ ತಂಗಿಯೋ?
ಇಷ್ಟು ವರ್ಷ ಮಾರಿದ ಕೈ,
ಬುಡದಿಂದ ತುದಿಯ ತನಕ ಎರಡೆರಡು ಸಲ ಸವರಿತು.
ಪಕ್ಕಕ್ಕೆ ನಿಲ್ಲಿಸಲು ಇನ್ನೊಂದಿಲ್ಲದೆ
ಅದರ ಉದ್ದ ಬೆರಳಿಗೆ ಹತ್ತಲಿಲ್ಲ.
ಬೆಳಗಾಗಲಿ ಎಂದು
ಉಪ್ಪಿನ ಡಬ್ಬಿಯ ಹಿಂದೆ ನಿಲ್ಲಿಸಿದೆ.